ಹತ್ತನೆಯ ಸುತ್ತಿನಲ್ಲಿ ಭಾವನ ಎಡಗೈ

ನನ್ನ ಭಾವ ಎಡಗೈ ಬೀಸಿದ ಗಾಳಿಗೇ ಹೆವಿವೇಟ್ ಚಾಂಪಿಯನ್ ರಿಂಗಿನಿಂದ ಹಾರಿ, ಏಳನೆಯ ಸಾಲಿನಲ್ಲಿ ಕೂತಿದ್ದ ಹೆತ್ತ ತಾಯಿಯ ಮಡಿಲಿಗೆ ಹೋಗಿ ಬಿದ್ದ. ಆಕೆ ಜೋಗುಳ ಹಾಡಿ ಮಲಗಿಸಿದಳು. ನನ್ನ ಕಣ್ಣಾಣೆ.

ಅಕ್ಕನನ್ನು ಮದುವೆಯಾದಾಗ ಭಾವ ಹಿಟ್ಟಿನ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ. ಹೆಗಲಿಗೆ ಆರಾರು ಮೂಟೆ, ಅದರ ಮೇಲೆ ಗಿರಣಿಯ ಮೇಸ್ತ್ರಿ. ಇಪ್ಪತ್ತಾರಕ್ಕೆ ಬಾಕ್ಸಿಂಗ್ ಗ್ಲೌಸ್ ತೊಟ್ಟ. ಅಲ್ಲಿಂದ ಹದಿಮೂರು ವರ್ಷ ಅವನು ಮಲಗಿಸಿದವರನ್ನು ಸಾಲಾಗಿ ಹಾಸಿದರೆ ಊರಿಗೇ ರಸ್ತೆಯಾಗುತ್ತದೆ. ಅವನ ಮೂಗು ಎರಡು ಸಲ ಮುರಿದದ್ದಂತೂ ನಿಜಕ್ಕೂ ನಿಜ.

ಈಗ ಅವನಿಗೆ ಮೂವತ್ತೊಂಬತ್ತು. ಬಾಕ್ಸಿಂಗ್ ಮಂಡಳಿ ಖಡಾಖಂಡಿತವಾಗಿ ಹೇಳಿಬಿಟ್ಟಿತ್ತು: ಈ ಪಂದ್ಯ ಸೋತರೆ ಲೈಸೆನ್ಸ್ ರದ್ದು, ಮತ್ತೆ ರಿಂಗ್ ಹತ್ತುವಂತಿಲ್ಲ.

ಒಂಬತ್ತನೆಯ ಸುತ್ತು ಮುಗಿದಾಗ ಭಾವ ಮೂಲೆಯ ಸ್ಟೂಲಿನ ಮೇಲೆ ಕುಸಿದ. ಎಡಗಣ್ಣು ಊದಿ ಮುಚ್ಚಿಹೋಗಿತ್ತು. ಕೋಚ್ ಹುಬ್ಬಿನ ಗಾಯಕ್ಕೆ ಹತ್ತಿ ಒತ್ತುತ್ತಿದ್ದ. ಹಲ್ಲು ಕಾಯುವ ರಬ್ಬರಿನ ಗಾರ್ಡನ್ನು ತೊಳೆದು ಭಾವನ ಬಾಯಿಗಿಡುವುದು ನನ್ನ ಕೆಲಸ. ಅದಿಲ್ಲದಿದ್ದರೆ ರೆಫರಿ ಆಡಲು ಬಿಡುವುದಿಲ್ಲ. ಆಗ ಓಡಿತು ನೋಡಿ ನನ್ನ ತಲೆ! ಬೇಕೆಂದೇ ಬಚ್ಚಿಟ್ಟೆ. ಗಂಟೆ ಹೊಡೆಯಿತು, ಭಾವ ಎದ್ದ, ರೆಫರಿ ಕೈ ಅಡ್ಡ ಹಿಡಿದ.

"ಎಲ್ರೀ ಗಾರ್ಡು?"

"ಬಂತು ಸಾರ್, ಬಂದೇ ಬಿಡ್ತು!"

ಹೀಗೆ ಅರ್ಧ ನಿಮಿಷ ಎಳೆದೆ. ಅಷ್ಟರಲ್ಲಿ ಭಾವನಿಗೆ ಉಸಿರು ಮರಳಿತು. ಮೂರು ಹೆಜ್ಜೆ, ಒಂದೇ ಎಡಗೈ. ಆಮೇಲಿನದನ್ನು ಮೊದಲೇ ಹೇಳಿದೆನಲ್ಲ. ರೆಫರಿ ಹತ್ತು ಎಣಿಸಿ ನಿಲ್ಲಿಸಿದ. ಖುಷಿಗೆ ಜನ ನೂರರವರೆಗೂ ಎಣಿಸಿದರು.

ಮರುದಿನ ಗಿರಣಿಯಲ್ಲಿ ಮೂಟೆಗಳ ಮೇಲೆ ಹತ್ತಿ ನಿಂತು ಇದನ್ನೇ ಹೇಳುತ್ತಿದ್ದೆ.

"ಅಂದ್ರೆ ಗೆದ್ದಿದ್ದು ನೀನು ಅನ್ನು," ಎಂದ ಮೇಸ್ತ್ರಿ.

"ಅದನ್ನ ನನ್ನ ಬಾಯಿಂದ್ಲೇ ಹೇಳಿಸ್ಬೇಕಾ?"

ಎಲ್ಲರೂ ನನ್ನ ಬೆನ್ನ ಹಿಂದೆ ನೋಡಿ ಕಿಸಕ್ಕೆಂದರು. ಹೆಗಲ ಮೇಲೆ ಚಾಂಪಿಯನ್ ಬೆಲ್ಟು ಹಾಕಿಕೊಂಡು ಭಾವ ನಿಂತಿದ್ದ, ಪಕ್ಕದಲ್ಲಿ ಅಕ್ಕ.

"ಲೋ ಬಾಮೈದ, ಬಚ್ಚಿಟ್ಟ ಗಾರ್ಡು ಬ್ಯಾಗಿನ ತಳದಲ್ಲಿ, ನನ್ನ ಚಪ್ಪಲಿ ಕೆಳಗೆ ಯಾಕಿತ್ತೋ?"

"ಅದು... ಭದ್ರವಾಗಿರ್ಲಿ ಅಂತ."

"ನೀನು ಜಿಪ್ ಎಳೆದಿದ್ದು ಕೇಳಿಸ್ತು ಕಣೋ. ಕಣ್ಣು ಒಂದೇ ಉಳಿದಿತ್ತು, ಕಿವಿ ಎರಡೂ ಇದ್ವು. ನಮ್ಮನೆಯವನೇ ಗಂಟುಮೂಟೆ ಕಟ್ತಿದಾನಲ್ಲಾ ಅಂತ ಮೈಯೆಲ್ಲ ಉರಿದುಹೋಯ್ತು. ಆ ಗುದ್ದು ನಿಂಗೆ ಬೀಳ್ಬೇಕಾಗಿತ್ತು. ಪಾಪ, ಅವನು ತಿಂದ."

ಇಡೀ ಗಿರಣಿ ನಕ್ಕಿತು. ಅಕ್ಕ ಮಾತ್ರ ನಗಲಿಲ್ಲ. "ನಿಜ ಹೇಳೋ," ಎಂದಳು.

ಮೂಟೆಯಿಂದ ಇಳಿದು ಹೇಳಿದೆ. ಯುಕ್ತಿಯೂ ಇಲ್ಲ, ಮಣ್ಣೂ ಇಲ್ಲ. ಭಾವ ಇನ್ನು ಏಳುವುದಿಲ್ಲವೆಂದು ನಾನೇ ತೀರ್ಮಾನಿಸಿ ಎಲ್ಲವನ್ನೂ ಬ್ಯಾಗಿಗೆ ತುಂಬಿದ್ದೆ. ರೆಫರಿ ಕೇಳಿದಾಗ ಅವಸರಕ್ಕೆ ಎಳೆದು ಜಿಪ್ಪು ಸಿಕ್ಕಿಹಾಕಿಕೊಂಡಿತು, ತಡವಾದದ್ದು ಅದಕ್ಕೆ. ಗಾರ್ಡು ಕೊಟ್ಟವನೇ ಒದ್ದೆ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಾ ಕೂತೆ. ಆ ಗುದ್ದನ್ನು ನಾನು ನೋಡಲೇ ಇಲ್ಲ.