ಸೋಮವಾರದ ಉಳುಮೆ

ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದಂತೆ. ನಾನು ಬೇಕಾದಷ್ಟು ಸಲ ಹೇಳಿದ್ದೇನೆ, ನಮ್ಮನೆಯವರು ಗುಂಡುಕಲ್ಲಿನ ಹಾಗೆ ಇದ್ದಾರೆ. ಹೆಸರು ಶಿವಶಂಕರಪ್ಪ, ಪಣಕಹಳ್ಳಿ ಪಕ್ಕದ ನಮ್ಮ ಪುಟ್ಟ ಊರಿಗೆ ಯಜಮಾನರು.

ನಮ್ಮೂರಿಗೂ ನನ್ನ ತವರು ಹುಣಸೇಪುರಕ್ಕೂ ನಡುವೆ ಒಂದು ಕೆರೆ. ನೀರು ಇಳಿದಾಗ ಅದರ ಅಂಗಳದಲ್ಲಿ ಹುಣಸೇಪುರದವರು ತರಕಾರಿ ಬೆಳೆಯುತ್ತಿದ್ದರು. ಆ ಕಪ್ಪು ಮಣ್ಣಿನ ಮೇಲೆ ನಮ್ಮನೆಯವರಿಗೆ ಮದುವೆಗೆ ಮುಂಚಿನಿಂದಲೂ ಕಣ್ಣು. ನನ್ನ ಮೇಲೂ ಅಷ್ಟು ಬಿದ್ದಿರಲಿಲ್ಲ. ಆದರೆ ಯಜಮಾನರ ಮಣ್ಣಿಗೋಸ್ಕರ ಯಾರು ದೊಣ್ಣೆ ಎತ್ತುತ್ತಾರೆ? ದೇವರಿಗೋಸ್ಕರವಾದರೆ ಎತ್ತುತ್ತಾರೆ.

ಎಂಬತ್ತೆರಡನೇ ಇಸವಿಯಲ್ಲಿ ದೇವರಿಗೆ ಬಿಟ್ಟ ನಮ್ಮ ಬಸವ ಕಾಣೆಯಾಯಿತು. ಯಾರ ಹೊಲಕ್ಕೆ ನುಗ್ಗಿದರೂ ಜನ ಕೈಮುಗಿದು ದಾರಿ ಬಿಡುತ್ತಿದ್ದ ಗೂಳಿ ಅದು. ವೀಳ್ಯದೆಲೆ ಮಾರುತ್ತ ಊರೂರು ಸುತ್ತುವ ಜಡೇಸ್ವಾಮಿಗೆ ನಮ್ಮನೆಯವರು ಹುಣಸೇಪುರದ ಸುದ್ದಿ ತರಲು ಹೇಳಿದರು. ಸುದ್ದಿ ತಂದರೆ ಜಗಲಿಯಲ್ಲಿ ಕಾಫಿ, ತರದಿದ್ದರೆ ಬರೀ ನೀರು. ಮೊದಲ ದಿನ ನೀರು ಕುಡಿದು ಹೋದ. ಆಮೇಲೆ ಒಂದು ದಿನವೂ ನೀರು ಕುಡಿಯಲಿಲ್ಲ.

"ಕೆಸರಲ್ಲಿ ಗೊರಸಿನ ಗುರ್ತು ನಾನೇ ನೋಡ್ದಿ ಯಜಮಾನ್ರೆ."

"ದೊಡ್ಡ ಗೊರಸೇನ್ಲಾ?"

"ದೊಡ್ದೇಯ."

"ನಮ್ ಬಸವುಂದು ಇದ್ದಂಗಿತ್ತಾ?"

ಜಡೇಸ್ವಾಮಿ ಕಾಫಿ ಲೋಟದ ಕಡೆ ನೋಡಿದ. "ಅದ್ರುದ್ದೇ ಬುಡಿ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಮ್ಮವರು. ಗೊರಸಿನ ಗುರುತು ಗಂಟೆಯ ಸದ್ದಾಯಿತು, ಗಂಟೆಯ ಸದ್ದು ಹೆಗಲ ಮೇಲಿನ ಗಾಯವಾಯಿತು. ಕೊನೆಗೆ ನಮ್ಮ ಜಗಲಿಯ ಮುಂದೆ ಊರೇ ಸೇರಿದ್ದಾಗ ಜಡೇಸ್ವಾಮಿ, "ಸೋಮ್ವಾರ ಬೆಳಗ್ಗೆ ನಮ್ ಬಸವುನ್ನ ನೇಗ್ಲುಗೆ ಕಟ್ಟಿ ಉಳ್ತಿದ್ರು, ಕಣ್ಣಾರೆ ಕಂಡಿ" ಅಂದ.

ನನಗೆ ನಗು ತಡೆಯಲಾಗಲಿಲ್ಲ. ಸೋಮವಾರ ಬಸವನ ದಿನ. ಇಲ್ಲಿಂದ ಗೆಟ್ಟವಾಡಿವರೆಗೆ ಯಾವ ಶಿವಭಕ್ತನೂ ಅವತ್ತು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಬಾಗಿಲಲ್ಲೇ ನಿಂತು ಅಂದೆ: "ಸೋಮ್ವಾರ ಯಾರ್ಲಾ ನೇಗ್ಲು ಕಟ್ಟಾರು? ಸುಳ್ ಏಳಕ್ಕೂ ವಾರ ಗೊತ್ತಿರ್ಬೇಕು!"

ಜನ ಒಂದು ಗಳಿಗೆ ತಲೆ ಕೆರೆದುಕೊಂಡರು. ನಮ್ಮನೆಯವರು ಎದ್ದು ನಿಂತರು.

"ಕೇಳುದ್ರಾ? ನನ್ನೆಂಡ್ತಿ ಬಾಯಲ್ಲೇ ಬಂತು. ಬಸವುನ್ನ ಉತ್ತುದ್ದಲ್ದೆ ಸೋಮ್ವಾರವೇ ಉತ್ತವ್ರೆ! ಇಂಥ ಪಾಪ ಎಲ್ಲಾರ ಉಂಟಾ?"

ಶುಕ್ರವಾರ ದಂಡೆತ್ತಿ ಹೋಗುವುದೆಂದು ತೀರ್ಮಾನವಾಯಿತು. ಅಪ್ಪ ಅವ್ವ ಹೋದ ಮೇಲೆ ತವರು ಅಂತ ನನಗೆ ಉಳಿದವನು ತಮ್ಮ ಗುರುಮಲ್ಲ ಒಬ್ಬನೇ. ಯಾರ ದೊಣ್ಣೆ ಯಾರ ತಲೆಗೆ ಬೀಳುತ್ತದೋ ಯಾರು ಕಂಡರು?

ಮಾರನೇ ದಿನ ಸೊಪ್ಪು ಕೀಳಲು ಹೊಲಕ್ಕೆ ಹೋದೆ. ಅಲ್ಲಿ ಬಾಗಿಲು ಹಾಕಿದ್ದ ನಮ್ಮ ಕೊಟ್ಟಿಗೆಯೊಳಗಿಂದ ದೊಡ್ಡ ಉಸಿರು ಕೇಳಿಸಿತು. ಇಣುಕಿದರೆ ಬಸವ! ನಮ್ಮದೇ ಮುಸುಕಿನ ಜೋಳದ ತೆನೆ ಜಗಿಯುತ್ತ ನಿಂತಿತ್ತು. ಆಳು ರಾಚ ತಲೆ ತಗ್ಗಿಸಿದ. "ಅದಾಗೇ ಬಂತು ಕಣವ್ವ. ಸುಕ್ರವಾರ ಮುಗಿಯಗಂಟ ಕಟ್ಟಾಕು ಅಂದ್ರು ಯಜಮಾನ್ರು."

ನಾನು ಗಂಡನ ಜೊತೆ ಜಗಳಕ್ಕೆ ಹೋಗಲಿಲ್ಲ. ಶುಕ್ರವಾರ ಗಂಡಸರೆಲ್ಲ ದೊಣ್ಣೆಗೆ ಎಣ್ಣೆ ಸವರಿ ಗುಡಿಯ ಮುಂದೆ ಸೇರಿದಾಗ, ಬಸವನನ್ನು ಕರೆತಂದು ಅವರ ಮಧ್ಯೆ ನಿಲ್ಲಿಸಿದೆ. "ನಮ್ ಕೊಟ್ಟಿಗೇಲಿತ್ತು. ಓಗಿ, ಮನ್ಗೋಗಿ ಉಣ್ಣೋಗಿ" ಅಂದೆ.

ಯಜಮಾನರ ಮುಖ ನೋಡಬೇಕಿತ್ತು. ಆದರೆ ಅವರು ಎರಡೂ ಕೈ ಮುಗಿದು ಕೂಗಿದರು: "ಉಣ್ಸೇಪುರದೋರು ಎದರ್ಕೊಂಡು ಬುಟ್ಬುಟ್ರು ಕಣ್ರಲಾ! ತವರಿನ ಮಾನ ಉಳ್ಸಕ್ಕೆ ಇವ್ಳು ನಮ್ ಕೊಟ್ಗೆ ಅಂತವ್ಳೆ. ಇವತ್ತು ಸುಮ್ಕಾದ್ರೆ ನಾಳೆ ತಿರ್ಗಾ ಕಟ್ತಾರೆ!"

ಬಸವ ಹುಣಸೇಪುರದ ಕಡೆಯಿಂದ ಓಡಿ ಬಂದದ್ದನ್ನು ಜಡೇಸ್ವಾಮಿಯೂ ಕಣ್ಣಾರೆ ಕಂಡಿದ್ದನಂತೆ. ರಾಚನ ಕಡೆ ನೋಡಿದೆ, ಅವನು ನೆಲ ನೋಡಿದ. ಎಣ್ಣೆ ಸವರಿದ ದೊಣ್ಣೆಯನ್ನು ಸುಮ್ಮನೆ ಗೋಡೆಗೆ ಒರಗಿಸಲು ಯಾರಿಗೂ ಮನಸ್ಸಿರಲಿಲ್ಲ. ತಮಟೆ ಬಡಿದುಕೊಂಡು ಹೊರಟೇಬಿಟ್ಟರು.

ಸಂಜೆ ಕೆರೆಯಂಗಳ ಗೆದ್ದು ಬಂದರು. ನಮ್ಮನೆಯವರು ಜಗಲಿಯ ಮೇಲೆ ಒಂದು ಹಗ್ಗ ಎಸೆದರು. "ನೋಡು ಪುರಾವೆ! ಕೆರೆ ಆಚೆ ಕಾಡಂಚಲ್ಲಿ ಅಗ್ಗದ ಸಮೇತ ಒಬ್ಬ ಸಿಕ್ಕುದ್ದ. ಬಸವುನ್ನ ಕಟ್ಟಕ್ಕೇ ಬತ್ತಿದ್ದ, ಬುಟ್ಟೀವಾ?"

"ಯಾರು?" ಅಂದೆ. ಅವರು ಬಚ್ಚಲಿಗೆ ಹೋಗಿ ತುಂಬ ಹೊತ್ತು ಕಾಲು ತೊಳೆದರು.

ಬೆಳಗಾಗುತ್ತಲೇ ಕೆರೆ ಏರಿ ಮೇಲೆ ನಡೆದು ತವರಿಗೆ ಹೋದೆ. ಗುರುಮಲ್ಲ ಬಲಗೈಗೆ ಬಿದಿರಿನ ದಬ್ಬೆ ಕಟ್ಟಿಸಿಕೊಂಡು ಚಾಪೆಯ ಮೇಲೆ ಕೂತಿದ್ದ. ನಾನು ಬಾಯಿ ತೆರೆಯುವ ಮುಂಚೆ ಅವನೇ ಕೇಳಿದ.

"ಅಕ್ಕ, ನಿಮ್ ಬಸವ ಸಿಕ್ತಾ? ಕಾಣೆ ಆಗದೆ ಅಂದ್ರು. ಸಿಕ್ರೆ ಇಡ್ಕೊಂಡು ಬಂದು ಬುಡವ ಅಂತ ನಾನೇ ಅಗ್ಗ ತಕ್ಕೊಂಡು ಕಾಡಂಚೆಲ್ಲ ಉಡುಕ್ತಿದ್ದಿ."

"ನಮ್ ಕೊಟ್ಗೇಲೇ ಇತ್ತು ಕಣಪ್ಪ."

ಅವನು ಎಡಗೈಯಲ್ಲಿ ದಬ್ಬೆ ಸರಿಮಾಡಿಕೊಂಡ. "ಮೇವು ಆಕಿದ್ರಾ?"

"ಜೋಳದ ತೆನೆ."

"ಅಂಗಾರೆ ಸರಿ ಬುಡು" ಅಂದ. ನಾನು ಅವನ ಮುಂದೆ ಕೂತು ಗಟ್ಟಿಯಾಗಿ ಅತ್ತೆ.