ಒಣಮೀನು ತಿನ್ನುವವರು ಕೈ ಎತ್ತಿ

ತ್ರಾಸಿ ಕಡೆಯ ಪದ್ದಕ್ಕ ಕಡಲ ದಂಡೆಯಲ್ಲಿ ಸಿಗಡಿ ಒಣಹಾಕಿದಳೆಂದರೆ ದೂರದ ಸಾಸ್ತಾನದ ಬಸ್ಸಿನಲ್ಲಿ ತೂಕಡಿಸುವವನೂ ಮೂಗರಳಿಸಿ ಏಳುತ್ತಿದ್ದ. ಮೀನು ಮಾರುವ ಅವಳ ಕೂಗಿಗೆ ಕಡಲೇ ಎರಡು ಮಾರು ಹಿಂದೆ ಸರಿಯುತ್ತಿತ್ತು. ಸುಳ್ಳೆಂದರೆ ಕಡಲನ್ನೇ ಕೇಳಿ.

ಅಂಥ ಪದ್ದಕ್ಕ ಅಂದು ಬಾಯಿ ಕಟ್ಟಿದವಳಂತೆ ಕೂತಿದ್ದಳು. ಇನ್ನು ದಂಡೆಯಲ್ಲಿ ಮೀನು ಒಣಗಿಸಬಾರದು, ಅಲ್ಲಿ ಪ್ರವಾಸಿಗರ ಗಾಡಿ ನಿಲ್ಲಬೇಕು ಎಂದು ಗ್ರಾಮಸಭೆಯಲ್ಲಿ ತೀರ್ಮಾನವಾಗಿತ್ತು. ಒಣಮೀನಿಲ್ಲದೆ ಮಳೆಗಾಲದಲ್ಲಿ ಅವಳ ಒಲೆ ಉರಿಯುವುದೇ ಇಲ್ಲ.

"ಸಭೆಗ್ ನೀನ್ ಎಂತಕ್ ಹೋಯ್ಲಿಲ್ಲ?" ಸ್ವಸಹಾಯ ಸಂಘದ ವನಜ ಕೇಳಿದಳು.

"ಆ ಹೊತ್ತಿಗ್ ನಾನ್ ಮೀನ್ ಮಾರುಕ್ ಹೋಪುದಾ, ಸಭೆಗ್ ಹೋಪುದಾ? ಕಾನೂನ್ ಮಾಡುಕ್ ಓದ್ದವ್ರ್ ಇದ್ರ್ ಮಾರಾಯ್ತಿ. ಮೀನ್ ವಾಸ್ನಿ ಸೀರಿ ಉಟ್ಕಂಡ್ ನಾನೆಂತ ಮಾತಾಡುದ್?"

"ನಿಯಮ ಯಾರ ಹೊಟ್ಟಿಗ್ ತಾಗತ್ತೋ ಅವ್ರೇ ಮೊದ್ಲ್ ಮಾತಾಡ್ಕ್. ಗ್ರಾಮಸಭೆ ಮೆಂಬರ್ರದ್ದ್ ಮಾತ್ರ ಅಲ್ಲ, ಊರಿನ್ ಮತದಾರ್ರೆಲ್ಲರ್ದ್. ಮುಂದಿನ್ ಸಭೆಗ್ ಹೋಪ, ಬಾ."

ಹೋದರು. ಪದ್ದಕ್ಕನ ಹಿಂದೆ ಬುಟ್ಟಿ ಹೊತ್ತ ಹೆಂಗಸರ ಸಾಲು ಮರವಂತೆಯಿಂದ ಮುಂಬೈವರೆಗೂ ಇತ್ತು ಅನ್ನಿ. ಅವರ ಹಿಂದೆ ಊರಿನ ಬೆಕ್ಕುಗಳೆಲ್ಲ ಸಭೆಗೆ ಹಾಜರು.

"ಹ್ವಾಯ್, ಒಣಮೀನ್ ತಿಂಬವ್ರ್ ಕೈ ಎತ್ತಿ ಕಾಂಬ!" ಎಂದಳು ಪದ್ದಕ್ಕ.

ಅಧ್ಯಕ್ಷರದ್ದೂ ಸೇರಿ ಎಲ್ಲ ಕೈಗಳು ಮೇಲೆ.

"ಒಣ್ಸುವವ್ರ್?"

ಬುಟ್ಟಿ ತಂದವರ ಕೈಗಳು ಮಾತ್ರ.

"ತಿಂಬವ್ರೇ ಸೇರ್ಕಂಡ್ ಒಣ್ಸುವವ್ರಿಗ್ ನಿಯಮ ಮಾಡಿದ್ರಿ ಅಲ್ದಾ? ನಮ್ಮನ್ನ್ ಕೇಂಡ್ರಿಯಾ?"

ಆಗ ದಂಡೆಯಲ್ಲಿ ಚುರುಮುರಿ ಮಾರುವ ಕಿಟ್ಟ ಎದ್ದ. "ಗಾಡಿ ನಿಲ್ಲದಿದ್ರೆ ನನ್ ಹೊಟ್ಟಿಗೆಂತ ಪದ್ದಕ್ಕ?"

ಪದ್ದಕ್ಕನ ನಾಲಿಗೆಯ ತುದಿಗೆ ಬೈಗುಳ ಬಂದಿತ್ತು. ವನಜ ಚಿವುಟಿದಳು. "ಅವ್ನಿಗೂ ತಾಗತ್ತಲ್ದಾ? ಅವ್ನ್ ಮಾತೂ ಕೇಣ್."

ಪದ್ದಕ್ಕ ಬೈಗುಳವನ್ನು ನುಂಗಿದಳು. ಅವಳ ಜನ್ಮದಲ್ಲಿ ಅದೇ ಮೊದಲು! "ನಿಂಗ್ ಗಾಡಿ ಬಪ್ಪುದ್ ಯಾವಾಗ?"

"ಬಿಸ್ಲ್ ಇಳ್ದ್ ಮೇಲೆ."

"ನಂಗ್ ಬಿಸ್ಲ್ ಇಪ್ಪಷ್ಟ್ ಹೊತ್ತ್ ಸಾಕ್ ಮಾರಾಯ!"

ತೀರ್ಮಾನ ಬದಲಾಯಿತು. ಬಿಸಿಲಿರುವಾಗ ಮೀನು, ಇಳಿದ ಮೇಲೆ ಗಾಡಿ. ಗ್ರಾಮಸಭೆಯೂ ಇನ್ನು ಮೀನು ಮಾರಾಟ ಮುಗಿದ ಮೇಲೆಯೇ.

ಈಗ ಸಭೆಯ ದಿನ ಮೈಕ್ ಕಟ್ಟಿದ ರಿಕ್ಷಾಕ್ಕಿಂತ ಮೊದಲು ಪದ್ದಕ್ಕನೇ ಕೂಗುತ್ತಾಳೆ. ದೂರದ ಬ್ರಹ್ಮಾವರದವರೂ ತಮ್ಮೂರಿನ ಸಭೆಯೆಂದು ಅಂಗಿ ಹಾಕಿಕೊಂಡು ಹೊರಡುತ್ತಾರೆ!

ನಿಮ್ಮೂರಿನ ಗ್ರಾಮಸಭೆ ಯಾವತ್ತು, ಕೇಳಿಕೊಂಡಿರಾ? ಕೆಲಸದ ಸೀರೆಯಲ್ಲೇ, ಕೆಸರು ಕಾಲಲ್ಲೇ ಹೋಗಿ. ನಿಮಗೆ ತಾಗುವ ಮಾತನ್ನು ನೀವೇ ಆಡಿ. ನಿಮ್ಮ ಜೊತೆ ಜಗಳ ಇರುವವರನ್ನೂ ಕರೆದುಕೊಂಡು ಹೋಗಿ; ಅವರೂ ಇಲ್ಲದೆ ಸಭೆ ಪೂರ್ತಿಯಾಗುವುದಿಲ್ಲ.