ಸರಸಮ್ಮನಿಗೆ ಎಡೆ

ಅಕ್ಕೂರಿನ ಸರಸಮ್ಮನನ್ನು ಸಾಯಿಸಿದ್ದು ಅವಳ ಗಂಡ ಹನುಮಂತಯ್ಯನೇ, ಅದೂ ಪದ್ಯದಲ್ಲಿ. ಈ ನಿವೃತ್ತ ಕನ್ನಡ ಮೇಷ್ಟ್ರು ಬದುಕಿರುವ ಹೆಂಡತಿಯ ಚೆಲುವನ್ನು ಮೂವತ್ತು ವರ್ಷ ಹಾಡಿದ್ದ. ಒಂದು ನಾಯಿಯೂ ಮೂಸಲಿಲ್ಲ. ಕೊನೆಗೆ, ಇಪ್ಪತ್ತೈದಕ್ಕೇ ತೀರಿಕೊಂಡಳೆಂದು ಬರೆದ. ಪುಸ್ತಕ ಮೂರು ಮುದ್ರಣ ಕಂಡಿತು.

“ಸಾವು ಮುಟ್ಟಿದ ಚೆಲುವಿಗೆ ಮುಪ್ಪಿಲ್ಲ ಕಣೆ. ತತ್ವಜ್ಞಾನಿಗಳೇ ಹೇಳವ್ರೆ. ನಿನ್ನ ಅಮರ ಮಾಡಿವ್ನಿ,” ಅಂದಿದ್ದ.

ಕಾಗದದ ಮೇಲಿನ ಸಾವು ತಾನೆ, ಬರೆದುಕೊಳ್ಳಲಿ ಎಂದು ಸರಸಮ್ಮ ಸುಮ್ಮನಾದಳು. ಅದೇ ಅವಳು ಮಾಡಿದ ತಪ್ಪು. ಮದುವೆಯ ಫೋಟೋಗೆ ಗಂಧದ ಹಾರ ಬಿತ್ತು. ಓದುಗರು ಮನೆಗೆ ಬಂದಾಗಲೆಲ್ಲ ಅವಳು ಅಡುಗೆಯವಳಾದಳು.

ಪಿತೃಪಕ್ಷದಲ್ಲಿ ಪುಸ್ತಕ ಓದಿ ಮೆಚ್ಚಿದ ರಮ್ಯಾ ಎಂಬ ಕಾಲೇಜು ಹುಡುಗಿ ಕನಕಪುರದಿಂದ ಬಂದಳು. ಸತ್ತವರಿಗೆ ಇಷ್ಟವಾದದ್ದನ್ನು ಬಡಿಸಿ ಎಡೆ ಇಡುವ ದಿನಗಳವು.

“ಸರ್, ಅಮ್ಮಂಗೆ ಏನು ಇಷ್ಟ ಇತ್ತು? ಅದನ್ನೇ ಎಡೆ ಇಡೋಣ.”

ಮೇಷ್ಟ್ರು ಸೂರು ನೋಡಿದ. ನಲವತ್ತು ವರ್ಷ ಅವಳ ಕೈಯಡುಗೆ ಉಂಡ ಮಹಾಶಯ! “ಬೆಳದಿಂಗಳು,” ಎಂದ. “ಮಲ್ಲಿಗೆ.”

ಅಡುಗೆಮನೆ ಬಾಗಿಲಲ್ಲಿದ್ದ ಸರಸಮ್ಮ ಈಚೆ ಬಂದಳು. ಸತ್ತಳೆಂದು ಬರೆದಾಗಲೂ ಅವಳು ಇಷ್ಟು ನೊಂದಿರಲಿಲ್ಲ.

“ಹುಳ್ಳಿಕಾಳು ಬಸ್ಸಾರು, ಮುದ್ದೆ,” ಎಂದಳು. “ಒಸಿ ಹುಳಿ ಜಾಸ್ತಿ ಇರ್ಬೇಕು.”

“ನಿಮಗೆ ಹೇಗೆ ಗೊತ್ತು ಅಜ್ಜಿ?”

“ನಾನೇ ಕಣವ್ವಾ ಸರಸಮ್ಮ. ಸತ್ತಿಲ್ಲ. ಇಲ್ಲೇ ನಿಂತಿವ್ನಿ ನೋಡು.”

ರಮ್ಯಾ ಫೋಟೋದ ಹುಡುಗಿಯನ್ನು ನೋಡಿದಳು. ಆಮೇಲೆ ಗುಳಿಬಿದ್ದ ಕೆನ್ನೆ, ಉದುರಿದ ಹಲ್ಲು, ಹಿಪ್ಪುನೇರಳೆ ಸೊಪ್ಪಿನ ಕರೆ ಹತ್ತಿದ ಕೈಗಳನ್ನು ನೋಡಿದಳು. ಎರಡಕ್ಕೂ ತಾಳೆಯಾಗಲಿಲ್ಲ. ಸರಸಮ್ಮ ಗಂಡನ ಕಡೆ ತಿರುಗಿದಳು. ಅವನು ಒಂದು ಸಲ ಹೂಂ ಎಂದರೆ ಸಾಕಿತ್ತು. ಪದ್ಯ, ಹಾರ, ಎಲ್ಲವನ್ನೂ ಆ ಕ್ಷಣವೇ ಕ್ಷಮಿಸಿಬಿಡುತ್ತಿದ್ದಳು.

ಹನುಮಂತಯ್ಯ ಕನ್ನಡಕ ಒರೆಸಿಕೊಂಡ.

“ಪಾಪ, ಅವಳ ಜೊತೆಗೇ ಇದ್ದ ಜೀವ. ಅವಳು ಹೋದಾಗಿನಿಂದ ಬುದ್ಧಿ ನೆಟ್ಟಗಿಲ್ಲ.”

ರಮ್ಯಾಳ ಕಣ್ಣು ತುಂಬಿತು. ಮುದುಕಿಯ ಎರಡೂ ಕೈ ಹಿಡಿದುಕೊಂಡಳು. “ಅಳಬೇಡಿ ಅಜ್ಜಿ. ಅವರೆಲ್ಲೂ ಹೋಗಿಲ್ಲ. ಸರ್ ಪದ್ಯದಲ್ಲಿ ಯಾವತ್ತೂ ಇರ್ತಾರೆ.”

“ಹೋಗು, ಒಲೆ ಹಚ್ಚು,” ಎಂದ ಹನುಮಂತಯ್ಯ. “ಎಡೆಗೆ ಹೊತ್ತಾಯ್ತದೆ.”